ಚಾರ್ಜ್ ಪಟ್ಟಿಯಲ್ಲಿ ಗಣಕಯಂತ್ರ ಒಂದು



ಮೇ ತಿಂಗಳು ಕಳೆದು ಜೂನ್ ಬಂತೆಂದರೆ ನಮ್ಮ ಕಡೆಯ ಸರ್ಕಾರಿ ಕಚೇರಿಗಳಲ್ಲಿ ಎರಡೇ ಮಾತು. ಒಂದು ಮಳೆಯದು, ಇನ್ನೊಂದು ವರ್ಗಾವಣೆಯದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ಊರುಗಳಲ್ಲೇ ಸುತ್ತಿ ಸುತ್ತಿ ಸೇವೆ ಮುಗಿಸಿದ ಗುಮಾಸ್ತರನ್ನು ನಾನು ಬಲ್ಲೆ. ಅಂಥವರಲ್ಲಿ ನಾನೂ ಒಬ್ಬ. ವರ್ಗವಾದವರು ಹೊರಡುವ ಮೊದಲು ಮಾಡಬೇಕಾದ ಒಂದು ಕೆಲಸವಿದೆ. ಅದಕ್ಕೆ ಕಚೇರಿಯ ಭಾಷೆಯಲ್ಲಿ ಚಾರ್ಜ್ ಕೊಡುವುದು ಎನ್ನುತ್ತಾರೆ. ಮರದ ಮೇಜು ಒಂದು, ಕುರ್ಚಿ ಎರಡು, ಅದರಲ್ಲಿ ಒಂದರ ಕಾಲು ಮುರಿದಿದೆ, ಕಬ್ಬಿಣದ ಬೀರು ಒಂದು, ಬೀಗದ ಕೈ ಮೂರು, ರಬ್ಬರ್ ಮೊಹರು ಎರಡು, ಚಾಲ್ತಿಯಲ್ಲಿರುವ ಕಡತಗಳು ಇಷ್ಟು, ಮುಕ್ತಾಯವಾದವು ಇಷ್ಟು ಎಂದು ಪಟ್ಟಿ ಬರೆದು, ಕೊಟ್ಟವರು ಒಂದು ಕಡೆ, ತೆಗೆದುಕೊಂಡವರು ಇನ್ನೊಂದು ಕಡೆ ಸಹಿ ಹಾಕುತ್ತಾರೆ. ಮುರಿದ ಕುರ್ಚಿಗೂ ಆ ಪಟ್ಟಿಯಲ್ಲಿ ವಿವರಣೆ ಇರುತ್ತದೆ. ಆದರೆ ಅದೇ ಪಟ್ಟಿಯ ಕೊನೆಯಲ್ಲಿ ಹೀಗೆ ಬರೆದಿರುತ್ತದೆ: ‘ಗಣಕಯಂತ್ರ ಒಂದು’. ಮುಗಿಯಿತು.

ಈ ಒಂದು ಸಾಲಿನ ಬಗ್ಗೆ ಇಂದು ನಿಮ್ಮೊಡನೆ ಮಾತನಾಡಬೇಕೆಂದಿದ್ದೇನೆ.

ಕೆಲವು ವರ್ಷಗಳ ಹಿಂದೆ ನಡೆದದ್ದು. ಊರು ಯಾವುದು, ಕಚೇರಿ ಯಾವುದು ಎಂಬುದು ಇಲ್ಲಿ ಬೇಡ. ಒಬ್ಬ ಹಿರಿಯ ಗುಮಾಸ್ತರಿಗೆ ಪಕ್ಕದ ತಾಲ್ಲೂಕಿಗೆ ವರ್ಗವಾಯಿತು. ಅವರ ಜಾಗಕ್ಕೆ ಆಗತಾನೆ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಬಂದಳು. ಚಾರ್ಜ್ ಪಟ್ಟಿಗೆ ಸಹಿಯಾಯಿತು, ಚಹಾ ಆಯಿತು. ಹಿರಿಯರು ಚೀಲ ಹೆಗಲಿಗೇರಿಸಿಕೊಂಡು ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದರು: “ನಿನ್ನ ಐಡಿ ಬರೋದು ತಡ ಆಗ್ತೈತಮ್ಮ. ಅಲ್ಲೀತನಕ ನಂದೇ ನಡಿಸು. ಪಾಸ್‌ವರ್ಡ್ ಚೀಟಿ ಕೀಬೋರ್ಡ್ ಕೆಳಗೈತೆ ನೋಡು.” ಆಕೆ “ಆಗ್ಲಿ ಸರ್” ಅಂದಳು. ಇಬ್ಬರ ಮನಸ್ಸಿನಲ್ಲೂ ಕೆಟ್ಟದ್ದೇನೂ ಇರಲಿಲ್ಲ. ಹೊರಗೆ ಜನ ನಿಂತಿದ್ದರು, ಕೆಲಸ ನಿಲ್ಲಬಾರದು ಎಂಬುದಷ್ಟೇ.

ಎರಡು ತಿಂಗಳಾದ ಮೇಲೆ ಒಂದು ಹಳ್ಳಿಯ ಮುದುಕಿಯೊಬ್ಬಳಿಗೆ ವೃದ್ಧಾಪ್ಯ ವೇತನ ಬರುವುದು ನಿಂತುಹೋಯಿತು. ಅಂಚೆಯವರನ್ನು ಕೇಳಿದಳು, ಪಂಚಾಯಿತಿಯವರನ್ನು ಕೇಳಿದಳು. ಕೊನೆಗೆ ಯಾರೋ ನೋಡಿ ಹೇಳಿದರು, ದಾಖಲೆಯಲ್ಲಿ ನೀನು ಸತ್ತಿದ್ದೀ ಅಂತ ಇದೆ ಎಂದು. ಆಕೆ ಕಚೇರಿಗೆ ಬಂದು ಕಟ್ಟೆಯ ಮೇಲೆ ಕೂತು ಕೇಳಿದ ಮಾತು ನನಗೆ ಇನ್ನೂ ನೆನಪಿದೆ: “ಯಪ್ಪಾ, ಸತ್ತಾಕಿ ಬಸ್ಸಿಗೆ ರೊಕ್ಕ ಕೊಟ್ಟು ಬರ್ತಾಳೇನು?”

ವಿಷಯ ವಿಚಾರಣೆಗೆ ಬಂತು, ಆ ಕೆಲಸ ನನ್ನ ಪಾಲಿಗೆ ಬಿತ್ತು. ಗಣಕಯಂತ್ರದಲ್ಲಿ ಪ್ರತಿಯೊಂದು ಬದಲಾವಣೆಯನ್ನೂ ಯಾರು, ಯಾವ ದಿನ, ಎಷ್ಟು ಗಂಟೆಗೆ ಮಾಡಿದರು ಎಂಬುದು ತಾನಾಗಿಯೇ ದಾಖಲಾಗುತ್ತದೆ. ಆ ದಾಖಲೆಯಲ್ಲಿದ್ದುದು ವರ್ಗವಾಗಿ ಹೋದ ಹಿರಿಯರ ಹೆಸರು. ಅವರಿಗೆ ನೋಟೀಸು ಹೋಯಿತು. ಪಾಪ, ಅವರು ತಮ್ಮ ಹೊಸ ಕಚೇರಿಯ ಹಾಜರಿ ಪುಸ್ತಕದ ನಕಲನ್ನು ಹಿಡಿದುಕೊಂಡು ಓಡಿ ಬಂದರು. ಆ ದಿನ, ಆ ಹೊತ್ತಿನಲ್ಲಿ ಅವರು ಪಕ್ಕದ ತಾಲ್ಲೂಕಿನಲ್ಲಿ ಕೆಲಸದಲ್ಲಿದ್ದುದು ನಿಜ. ಅಂದಮೇಲೆ ಯಂತ್ರ ಸುಳ್ಳು ಹೇಳುತ್ತಿದೆಯೆ?

ಯಂತ್ರಕ್ಕೆ ಸುಳ್ಳು ಹೇಳಲು ಬರುವುದಿಲ್ಲ. ಅದಕ್ಕೆ ಏನು ಹೇಳಿಕೊಟ್ಟರೋ ಅದನ್ನೇ ಅದು ಬರೆದುಕೊಂಡಿತ್ತು. ಆ ಹುಡುಗಿ ತಾನಾಗಿ ಎದ್ದು ನಿಂತು “ನಾನೇ ಒತ್ತಿದ್ದು ಸರ್. ಆ ಊರಲ್ಲಿ ಒಂದೇ ಹೆಸರಿನವರು ಇಬ್ಬರಿದ್ದರು, ತೀರಿಕೊಂಡವರು ಇನ್ನೊಬ್ಬರು” ಎಂದಳು. ಅದು ಅವಳ ಪ್ರಾಮಾಣಿಕತೆ. ಆಕೆ ಬಾಯಿ ಬಿಡದಿದ್ದರೆ? ಹಿರಿಯರು ತಾವು ಮಾಡದ ತಪ್ಪಿಗೆ ಉತ್ತರ ಕೊಡಬೇಕಾಗಿತ್ತು, ಮಾಡಿದವರು ಯಾರೆಂದು ಕೊನೆಯವರೆಗೂ ಗೊತ್ತಾಗುತ್ತಿರಲಿಲ್ಲ. ಮುದುಕಿಯ ಹಣ ಮತ್ತೆ ಬರಲು ಐದು ತಿಂಗಳು ಹಿಡಿಯಿತು. ಅಷ್ಟರಲ್ಲಿ ಅಂಗಡಿಯ ಸಾಲ ಬೆಳೆದಿತ್ತು.

ಈಗ ಯೋಚಿಸಿ ನೋಡಿ. ಅಂದು ಆ ಕಚೇರಿಯಲ್ಲಿ ಕೈ ಬದಲಾದದ್ದು ಒಂದು ವಸ್ತುವೆ? ಅಲ್ಲ, ಮೂರು. ಮೊದಲನೆಯದು ಯಂತ್ರ, ಅದು ಸರ್ಕಾರದ್ದು, ಮೇಜಿನ ಹಾಗೆ ಅಲ್ಲೇ ಉಳಿಯಬೇಕು. ಎರಡನೆಯದು ಯಂತ್ರದೊಳಗಿನ ಕಚೇರಿಯ ಕಾಗದಪತ್ರ, ಅದೂ ಉಳಿಯಬೇಕು. ಮೂರನೆಯದು ಯಂತ್ರದೊಳಗೆ ಕೆಲಸ ಮಾಡುವವರ ಹೆಸರು. ಅದು ಮನುಷ್ಯನ ಜೊತೆಗೆ ಹೊರಟುಹೋಗಬೇಕು. ಹಿರಿಯರು ಬಿಟ್ಟುಹೋಗಬಾರದ್ದನ್ನು ಬಿಟ್ಟುಹೋದರು, ಅದೂ ಚೀಟಿಯಲ್ಲಿ ಬರೆದು.

ಬರೆದವನ ಹೆಸರು ಬರಹದ ಜೊತೆಗಿರಬೇಕು ಎಂಬುದು ಗಣಕಯಂತ್ರದಿಂದ ಬಂದ ಹೊಸ ನಿಯಮವಲ್ಲ. ನಮ್ಮ ಹರಪನಹಳ್ಳಿ ತಾಲ್ಲೂಕಿನ ಬಾಗಳಿಗೆ ಹೋದರೆ ಕಲ್ಲೇಶ್ವರ ದೇವಾಲಯದಲ್ಲಿ ಸಾವಿರ ವರ್ಷದಷ್ಟು ಹಳೆಯ ಶಾಸನಗಳನ್ನು ನೋಡಬಹುದು. ಕನ್ನಡ ನಾಡಿನ ಎಷ್ಟೋ ದಾನಶಾಸನಗಳ ಕೊನೆಯಲ್ಲಿ ಅದನ್ನು ಬರೆದವನ ಹೆಸರು, ಕಲ್ಲಿನಲ್ಲಿ ಕೊರೆದವನ ಹೆಸರು ಇರುತ್ತವೆ. ಕಲ್ಲು ಯಾರದ್ದಾದರೂ ಇರಲಿ, ಅಕ್ಷರಕ್ಕೆ ಹೊಣೆ ಯಾರು ಎಂಬುದು ತಿಳಿದಿರಬೇಕು.

ಆಮೇಲಿನ ಕಾಲದಲ್ಲಿ ಗ್ರಾಮದ ಲೆಕ್ಕ ಒಂದೇ ಮನೆತನದ ಕೈಗೆ ಹೋಯಿತು. ಹಳೆಯ ಮೈಸೂರಿನಲ್ಲಿ ಅವರನ್ನು ಶಾನುಭೋಗರು ಎಂದರೆ, 1953ರವರೆಗೆ ಮದ್ರಾಸಿಗೆ ಸೇರಿದ್ದ ನಮ್ಮ ಬಳ್ಳಾರಿ ಸೀಮೆಯ ಕಾಗದಗಳಲ್ಲಿ ಕರಣಂ ಎಂದು ಕರೆಯುತ್ತಿದ್ದರು. ಲೆಕ್ಕದ ಪುಸ್ತಕ ತಂದೆಯಿಂದ ಮಗನಿಗೆ ಬರುತ್ತಿತ್ತು. ಅದು ಇರುತ್ತಿದ್ದುದು ಅವರ ಮನೆಯಲ್ಲೇ. ಕಚೇರಿಯದು ಯಾವುದು, ಮನೆಯದು ಯಾವುದು ಎಂದು ಬೇರ್ಪಡಿಸುವುದೇ ಕಷ್ಟವಾಗಿತ್ತು. 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು, ಆ ವಂಶಪಾರಂಪರ್ಯದ ಹುದ್ದೆಗಳು ಹೋಗಿ ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಹುದ್ದೆ ಬೇರೆ, ಆ ಹುದ್ದೆಯಲ್ಲಿ ಕೂತ ಮನುಷ್ಯ ಬೇರೆ ಎಂಬುದು ಅಂದು ಕಾನೂನಾಯಿತು.

ಗಣಕಯಂತ್ರದ ಕಾಲದಲ್ಲಿ ಈ ಮಾತನ್ನು ಮೊದಲು ಗಂಭೀರವಾಗಿ ತೆಗೆದುಕೊಂಡದ್ದು ನಮ್ಮ ರಾಜ್ಯದ ‘ಭೂಮಿ’ ಯೋಜನೆ ಎಂದು ನನ್ನ ಅಭಿಪ್ರಾಯ. ಕಂದಾಯ ಇಲಾಖೆಯು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ನೆರವಿನಿಂದ ರಾಜ್ಯದ ಪಹಣಿಗಳನ್ನೆಲ್ಲ ಗಣಕಯಂತ್ರಕ್ಕೆ ಏರಿಸಿತು. ಸುಮಾರು 2 ಕೋಟಿ ದಾಖಲೆಗಳು, 67 ಲಕ್ಷ ಭೂಮಾಲೀಕರು. ರಾಜೀವ್ ಚಾವ್ಲಾ ಎಂಬ ಅಧಿಕಾರಿ ಅದರ ಮುಂದಾಳು. 2002ರ ಹೊತ್ತಿಗೆ 177 ತಾಲ್ಲೂಕು ಕೇಂದ್ರಗಳಲ್ಲಿ ಕಿಟಕಿ ತೆರೆಯಿತು. ಆರಂಭದಲ್ಲಿ ರೈತ 15 ರೂಪಾಯಿ ಕೊಟ್ಟು ಅಲ್ಲೇ ಪಹಣಿ ಪಡೆಯುತ್ತಿದ್ದ. ಎರಡು ಪರದೆಗಳಿದ್ದವು, ಒಂದು ಗುಮಾಸ್ತರ ಕಡೆಗೆ, ಒಂದು ಹೊರಗೆ ನಿಂತ ರೈತನ ಕಡೆಗೆ.

ನಮಗೆ ಇಲ್ಲಿ ಬೇಕಾದ್ದು ಇನ್ನೊಂದು ವಿಷಯ. ಹಕ್ಕು ಬದಲಾವಣೆಯ ದಾಖಲೆಯನ್ನು ಮುಟ್ಟಬೇಕಾದ ನೌಕರರು ಬರೀ ಗುಪ್ತಪದ ಬರೆದರೆ ಸಾಲದು, ಯಂತ್ರದ ಮೇಲೆ ಬೆರಳಿಟ್ಟು ತಮ್ಮ ಗುರುತನ್ನು ತೋರಿಸಬೇಕಾಗಿತ್ತು. ಕನ್ನಡದಲ್ಲಿ ಬೆರಳಚ್ಚು ಎಂದರೆ ಟೈಪು ಮಾಡುವುದೂ ಹೌದು, ಬೆರಳಿನ ಗುರುತೂ ಹೌದು. ಆ ಯಂತ್ರದ ಮುಂದೆ ಎರಡು ಅರ್ಥಗಳೂ ಒಟ್ಟಿಗೆ ಬಂದವು. ಗುಪ್ತಪದವನ್ನು ಚೀಟಿಯಲ್ಲಿ ಬರೆದು ಕೀಬೋರ್ಡಿನ ಕೆಳಗಿಡಬಹುದು, ಬೆರಳನ್ನು ಬಿಚ್ಚಿಟ್ಟು ಹೋಗಲು ಸಾಧ್ಯವೆ? ನೌಕರ ವರ್ಗವಾದರೆ ಅವನ ಬೆರಳು ಅವನ ಜೊತೆಗೇ ಹೋಗುತ್ತದೆ, ಹೊಸಬನ ಬೆರಳನ್ನು ಹೊಸದಾಗಿ ನೋಂದಾಯಿಸಲೇಬೇಕು. ‘ನಾನು ಮಾಡಿಲ್ಲ, ಯಾರೋ ನನ್ನ ಹೆಸರಿನಲ್ಲಿ ಮಾಡಿದ್ದಾರೆ’ ಎಂಬ ಮಾತಿಗೆ ಅವಕಾಶ ಕಡಿಮೆಯಾಯಿತು. ಇದರಿಂದ ಕಚೇರಿಗಳ ಎಲ್ಲ ಕೆಡುಕುಗಳೂ ಹೋದವು ಎಂದು ನಾನು ಹೇಳಲಾರೆ, ಹೇಳಿದರೆ ನಿಮ್ಮ ಮನೆಯ ಹಿರಿಯರು ನಕ್ಕುಬಿಟ್ಟಾರು. ಆದರೆ ಒಂದು ಸಾಲನ್ನು ಯಾರು ಬದಲಾಯಿಸಿದರು ಎಂಬ ಪ್ರಶ್ನೆಗೆ ಉತ್ತರ ಸಿಗುವಂತಾಯಿತು.

ಕೈ ಬದಲಾಗುವುದು ಮನುಷ್ಯರಿಂದ ಮನುಷ್ಯರಿಗೆ ಮಾತ್ರವಲ್ಲ. ಹರಪನಹಳ್ಳಿಯನ್ನೇ ನೋಡಿ. ಮದ್ರಾಸಿನ ಕಾಲದಿಂದಲೂ ಬಳ್ಳಾರಿ ಜಿಲ್ಲೆಯಲ್ಲಿದ್ದದ್ದು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು. ಸುಮಾರು ಇಪ್ಪತ್ತು ವರ್ಷಗಳ ಮೇಲೆ ಮತ್ತೆ ಬಳ್ಳಾರಿಗೆ ಬಂತು. 2021ರಲ್ಲಿ ಹೊಸಪೇಟೆಯನ್ನು ಕೇಂದ್ರವಾಗಿಟ್ಟುಕೊಂಡು ವಿಜಯನಗರ ಜಿಲ್ಲೆಯಾದಾಗ ನಮ್ಮ ಐದು ತಾಲ್ಲೂಕುಗಳೂ ಅದರೊಳಗೆ ಬಂದವು. ಕೊಟ್ಟೂರು ಬಹುಕಾಲ ಕೂಡ್ಲಿಗಿ ತಾಲ್ಲೂಕಿನೊಳಗಿದ್ದು, 2018ರಲ್ಲಿ ತಾನೇ ಒಂದು ತಾಲ್ಲೂಕಾಯಿತು. ಹೊಲ ಇದ್ದಲ್ಲೇ ಇದೆ, ರೈತ ಇದ್ದಲ್ಲೇ ಇದ್ದಾನೆ, ಕಾಗದದ ಮೇಲಿನ ಶಿರೋನಾಮೆ ಮಾತ್ರ ಬದಲಾಗುತ್ತ ಹೋಯಿತು. ಕಾಗದದ ಕಾಲವಾಗಿದ್ದರೆ ಕಡತಗಳನ್ನು ಗಂಟು ಕಟ್ಟಿ ಲಾರಿಗೆ ಹಾಕಿದರೆ ಆಗಿತ್ತು. ಗಣಕಯಂತ್ರದಲ್ಲಿ ಪ್ರತಿಯೊಂದು ಹಳ್ಳಿಗೂ ಒಂದು ಸಂಕೇತ ಸಂಖ್ಯೆ ಇರುತ್ತದೆ, ಆ ಸಂಖ್ಯೆ ಯಾವ ತಾಲ್ಲೂಕಿನ ಕೆಳಗೆ ಬರುತ್ತದೆ, ಅದನ್ನು ತೆರೆಯುವ ಅಧಿಕಾರ ಯಾರಿಗಿದೆ ಎಂಬುದು ಬರೆದಿರುತ್ತದೆ. ತಾಲ್ಲೂಕು ಒಡೆದಾಗ ಹೊಸ ಕಚೇರಿಯವರಿಗೆ ಅಧಿಕಾರ ಕೊಟ್ಟರೆ ಅರ್ಧ ಕೆಲಸವಾದಂತೆ. ಹಳೆಯ ಕಚೇರಿಯವರಿಂದ ಅದನ್ನು ಹಿಂತೆಗೆದುಕೊಂಡಾಗ ಉಳಿದರ್ಧ. ನಮ್ಮ ಜನ ಮೊದಲನೆಯದನ್ನು ಮರೆಯುವುದಿಲ್ಲ, ಏಕೆಂದರೆ ಅದಿಲ್ಲದೆ ಕೆಲಸ ನಡೆಯುವುದಿಲ್ಲ. ಎರಡನೆಯದು ಮರೆತರೆ ಯಾರೂ ದೂರು ಕೊಡುವುದಿಲ್ಲ.

ಇನ್ನು ಅಳಿಸುವ ವಿಷಯಕ್ಕೆ ಬರೋಣ. ಕಡತ ಎಂಬ ಮಾತನ್ನು ಇಷ್ಟು ಸಲ ಬಳಸಿದೆ. ಇಂದು ಕಡತ ಎಂದರೆ ಫೈಲು. ಆದರೆ ಮೂಲದಲ್ಲಿ ಕಡತ ಎಂದರೆ ಒಂದು ಬಟ್ಟೆ. ಹುಣಸೆಬೀಜದ ಅಂಟಿಗೆ ಇದ್ದಲಪುಡಿ ಕಲಸಿ ಬಟ್ಟೆಗೆ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿ ಇಡುತ್ತಿದ್ದರು. ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಬೇಡವಾದರೆ ಒರೆಸಿ, ಮತ್ತೆ ಕಪ್ಪು ಬಳಿದು, ಹೊಸದಾಗಿ ಬರೆಯಬಹುದಾಗಿತ್ತು. ಒರೆಸಿದ್ದು ಹೋಯಿತೆಂದರೆ ಹೋಯಿತು.

ಗಣಕಯಂತ್ರದಲ್ಲಿ ಡಿಲೀಟ್ ಒತ್ತಿದಾಗಲೂ ಹಾಗೆಯೇ ಆಗುತ್ತದೆ ಎಂದು ನಾವು ತಿಳಿದಿದ್ದೇವೆ. ಸಾಮಾನ್ಯವಾಗಿ ಹಾಗಾಗುವುದಿಲ್ಲ. ನಿಮ್ಮ ಪಠ್ಯಪುಸ್ತಕದ ಪರಿವಿಡಿಯಲ್ಲಿ ಒಂದು ಪಾಠದ ಹೆಸರನ್ನು ಹೊಡೆದುಹಾಕಿದರೆ ಆ ಪಾಠ ಪುಸ್ತಕದಿಂದ ಹೋಗುತ್ತದೆಯೆ? ಹಾರ್ಡ್ ಡಿಸ್ಕಿನಲ್ಲಿ ನಡೆಯುವುದೂ ಅದೇ. ಪರಿವಿಡಿಯಲ್ಲಿ ‘ಈ ಜಾಗ ಖಾಲಿ’ ಎಂದು ಗುರುತಾಗುತ್ತದೆ, ಅದರ ಮೇಲೆ ಬೇರೆ ಏನಾದರೂ ಬರೆಯುವವರೆಗೆ ಹಳೆಯದು ಅಲ್ಲೇ ಬಿದ್ದಿರುತ್ತದೆ. ಅಮೆರಿಕದ ಎಂ.ಐ.ಟಿ.ಯಲ್ಲಿದ್ದ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಾಟ್ ಎಂಬ ಇಬ್ಬರು ಹಳೆಯ ಸಾಮಾನಿನ ಮಾರುಕಟ್ಟೆಯಲ್ಲಿ 158 ಹಾರ್ಡ್ ಡಿಸ್ಕುಗಳನ್ನು ಕೊಂಡು ಪರೀಕ್ಷಿಸಿ 2003ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅವುಗಳಲ್ಲಿ 129 ಇನ್ನೂ ಕೆಲಸ ಮಾಡುತ್ತಿದ್ದವು. ಸರಿಯಾಗಿ ಅಳಿಸಿದ್ದವು ಕೇವಲ 12. ಉಳಿದವುಗಳಲ್ಲಿ ಸಾವಿರಾರು ಕ್ರೆಡಿಟ್ ಕಾರ್ಡ್ ಸಂಖ್ಯೆಗಳು, ಜನರ ಖಾಸಗಿ ಪತ್ರಗಳು ಸಿಕ್ಕವು. ಮಾರಿದವರಲ್ಲಿ ಎಷ್ಟೋ ಮಂದಿ ತಾವು ಅಳಿಸಿದ್ದೇವೆ ಎಂದೇ ನಂಬಿದ್ದಿರಬೇಕು.

ಹಾಗಾದರೆ ನಿಜವಾಗಿ ಅಳಿಸುವುದು ಹೇಗೆ? ಹಳೆಯ ಮಾದರಿಯ ತಿರುಗುವ ಡಿಸ್ಕಾದರೆ ಅದರ ಮೇಲೆ ಆದಿಯಿಂದ ಅಂತ್ಯದವರೆಗೆ ಬೇರೆ ಏನನ್ನಾದರೂ ಬರೆಸಿಬಿಡಬೇಕು, ಅದನ್ನು ಮಾಡುವ ತಂತ್ರಾಂಶಗಳಿವೆ. ಈಚಿನ ಎಸ್.ಎಸ್.ಡಿ.ಗಳಲ್ಲಿ ಆ ಉಪಾಯ ಪೂರ್ತಿ ನಡೆಯುವುದಿಲ್ಲ. ಅವು ಸವೆತವನ್ನು ಹಂಚಿಕೊಳ್ಳಲು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬರೆಯದೆ ಬೇರೆ ಬೇರೆ ಕಡೆ ಬರೆಯುತ್ತವೆ, ಹಳೆಯದು ಎಲ್ಲೋ ಮೂಲೆಯಲ್ಲಿ ಉಳಿದಿರಬಹುದು. ಅಂಥವುಗಳಿಗೆ ತಯಾರಕರೇ ಕೊಟ್ಟಿರುವ ಅಳಿಸುವ ಆದೇಶವನ್ನು ಬಳಸಬೇಕು. ಇಲ್ಲವೆ ಮೊದಲಿನಿಂದಲೇ ಮಾಹಿತಿಯನ್ನು ಗೂಢಲಿಪಿಯಲ್ಲಿ ಇಟ್ಟಿರಬೇಕು. ಆಗ ಅದರ ಕೀಲಿಯನ್ನು ನಾಶ ಮಾಡಿದರೆ ಒಳಗಿರುವುದೆಲ್ಲ ಓದಲಾಗದ ಕಸವಾಗುತ್ತದೆ.

ಆದರೆ ಗೂಢಲಿಪಿಯಲ್ಲಿ ಒಂದು ಅಪಾಯವೂ ಇದೆ. ಈಚಿನ ಅನೇಕ ವಿಂಡೋಸ್ ಯಂತ್ರಗಳಲ್ಲಿ ಅದು ಬಳಸುವವರಿಗೆ ಗೊತ್ತಿಲ್ಲದೆಯೇ ಚಾಲೂ ಆಗಿರುತ್ತದೆ. ಅದಕ್ಕೆ 48 ಅಂಕಿಗಳ ಒಂದು ಕೀಲಿ ಉಂಟು. ಮೊದಲು ಆ ಯಂತ್ರವನ್ನು ಯಾರು ತಮ್ಮ ಸ್ವಂತ ಮೈಕ್ರೋಸಾಫ್ಟ್ ಖಾತೆಯಿಂದ ತೆರೆದರೋ ಅವರ ಖಾತೆಗೆ ಆ ಕೀಲಿ ಹೋಗಿ ಕೂತಿರುತ್ತದೆ. ಅವರು ವರ್ಗವಾಗಿ ಹೋದ ಮೇಲೆ ಎಂದೋ ಒಂದು ದಿನ ಯಂತ್ರ ‘ಕೀಲಿ ಕೊಡಿ’ ಎಂದು ಹಠ ಹಿಡಿದರೆ ಕಚೇರಿಯವರೆಲ್ಲ ಸುತ್ತ ನಿಂತು ನೋಡಬೇಕಾಗುತ್ತದೆ. ಬೀರುವಿನ ಮೂರು ಬೀಗದ ಕೈಗಳನ್ನು ಲೆಕ್ಕ ಮಾಡಿ ಸಹಿ ಹಾಕಿಸಿಕೊಂಡ ಕಚೇರಿ ಈ ನಾಲ್ಕನೆಯ ಬೀಗದ ಕೈಯನ್ನು ಕೇಳಿರುವುದೇ ಇಲ್ಲ.

ಕನ್ನಡದ ಕಚೇರಿಗಳಿಗೇ ಮೀಸಲಾದ ತೊಡಕು ಇನ್ನೊಂದಿದೆ. ಹಳೆಯ ಗುಮಾಸ್ತರು ವರ್ಷಗಟ್ಟಲೆ ನುಡಿ, ಶ್ರೀಲಿಪಿ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ಟೈಪು ಮಾಡಿರುತ್ತಾರೆ. ಯಂತ್ರವನ್ನು ತೊಳೆದು ಹೊಸಬರಿಗೆ ಕೊಡುವಾಗ ಕಾಗದಗಳ ನಕಲನ್ನೇನೋ ತೆಗೆದಿಡುತ್ತಾರೆ, ಅಕ್ಷರಗಳನ್ನು ಮರೆಯುತ್ತಾರೆ. ಹೊಸ ಯಂತ್ರದಲ್ಲಿ ತೆರೆದರೆ ಕನ್ನಡವಿದ್ದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚುಕ್ಕೆ, ಚಿಹ್ನೆಗಳ ಕಲಸುಮೇಲೋಗರ. ಕಾಗದ ನಾಶವಾಗಿಲ್ಲ, ಓದುವ ಕಣ್ಣು ಹೋಗಿದೆ. ಹಳೆಯದನ್ನು ಯುನಿಕೋಡಿಗೆ ಪರಿವರ್ತಿಸಿ ಇಟ್ಟುಕೊಂಡರೆ ಈ ಕಷ್ಟವಿಲ್ಲ, ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಪರಿವರ್ತಿಸಿದ ಮೇಲೆ ಒತ್ತಕ್ಷರಗಳನ್ನೂ ಅಂಕಿಗಳನ್ನೂ ಒಮ್ಮೆ ಕಣ್ಣಾಡಿಸಿ ನೋಡಬೇಕು.

ಈಗ ಕ್ರಮದ ವಿಷಯ. ಹೋಗುವವರು ಯಂತ್ರದಲ್ಲಿರುವ ಕಚೇರಿಯ ಕಾಗದಗಳನ್ನು ಕಚೇರಿಯ ಜಾಗಕ್ಕೆ ನಕಲು ಮಾಡಿ, ಆ ನಕಲು ತೆರೆಯುತ್ತದೆಯೇ ಎಂದು ಹೊಸಬರ ಎದುರಿನಲ್ಲಿ ತೆರೆದು ತೋರಿಸಬೇಕು. ಮಗಳ ಮದುವೆಯ ಫೋಟೋ, ತಮ್ಮ ಬ್ಯಾಂಕಿನ ಕಾಗದ ಇದ್ದರೆ ಕೊಂಡೊಯ್ಯಬೇಕು. ಬ್ರೌಸರಿನಲ್ಲಿ ಉಳಿಸಿಟ್ಟ ಗುಪ್ತಪದಗಳು, ತೆರೆದೇ ಬಿಟ್ಟ ವಾಟ್ಸ್‌ಆ್ಯಪ್, ಸ್ವಂತ ಇ-ಮೇಲ್ ಇವನ್ನು ಮುಚ್ಚಬೇಕು. ಹುದ್ದೆಯ ಇ-ಮೇಲ್ ವಿಳಾಸ ಹುದ್ದೆಯ ಜೊತೆಗೇ ಉಳಿಯುತ್ತದೆ, ಅದರ ಗುಪ್ತಪದ ಮಾತ್ರ ಅಂದೇ ಬದಲಾಗಬೇಕು. ಪೆನ್‌ಡ್ರೈವಿನಂಥ ಡಿಜಿಟಲ್ ಸಹಿಯ ಸಾಧನವನ್ನಂತೂ ಮರೆತೂ ಡ್ರಾಯರಿನಲ್ಲಿ ಬಿಡಬಾರದು. ಅದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ಕೈಬರಹದ ಸಹಿಗೆ ಸಮ. ಹಳೆಯ ಐಡಿಯನ್ನು ಮುಚ್ಚಬೇಕು, ಆದರೆ ಅವರು ಹಿಂದೆ ಮಾಡಿದ ಕೆಲಸದ ದಾಖಲೆಯನ್ನು ಅಳಿಸಬಾರದು. ಈ ವ್ಯತ್ಯಾಸ ಎಷ್ಟೋ ಜನಕ್ಕೆ ಹೊಳೆಯುವುದಿಲ್ಲ. ಇಷ್ಟೆಲ್ಲ ಆದ ಮೇಲೆಯೇ ಯಂತ್ರವನ್ನು ತೊಳೆದು ಹೊಸಬರ ಹೆಸರಿನಲ್ಲಿ ತೆರೆಯುವುದು.

ಹೊಸಬರ ಐಡಿ ಬರುವುದು ತಡವಾದರೆ? ಇದು ನ್ಯಾಯವಾದ ಪ್ರಶ್ನೆ, ಆ ಹುಡುಗಿಯೂ ನನ್ನನ್ನು ಕೇಳಿದಳು. ತಡ ಮಾಡಿದವರದು ಮೊದಲ ತಪ್ಪು ಎಂದೇ ನಾನು ವರದಿಯಲ್ಲಿ ಬರೆದೆ. ವರ್ಗಾವಣೆಯ ಆದೇಶ ಬಂದ ದಿನವೇ ಹೊಸಬರ ಐಡಿಗೆ ಬರೆದುಕೊಂಡರೆ ಅವರು ಬಂದು ಕೂರುವ ಹೊತ್ತಿಗೆ ಅದು ಸಿದ್ಧವಿರುತ್ತದೆ. ಅಲ್ಲಿಯವರೆಗೆ ಐಡಿ ಇರುವ ಇನ್ನೊಬ್ಬ ನೌಕರರು ಪಕ್ಕದಲ್ಲಿ ಕೂತು ತಮ್ಮ ಹೆಸರಿನಲ್ಲಿ, ತಮ್ಮ ಹೊಣೆಯಲ್ಲಿ ಮಾಡಿಕೊಡಬೇಕು. ಇನ್ನೊಬ್ಬರ ಗುಪ್ತಪದವನ್ನು ಮೋಸದ ಉದ್ದೇಶದಿಂದ ಬಳಸಿದರೆ ಅದೇ ಕಾಯ್ದೆಯ 66ಸಿ ಕಲಮಿನಲ್ಲಿ ಮೂರು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ಉಂಟು. ನಮ್ಮ ಹುಡುಗಿಯಲ್ಲಿ ಮೋಸವಿರಲಿಲ್ಲ. ಆದರೆ ಮೋಸ ಮಾಡುವವರು ಬರುವುದೂ ಇದೇ ಬಾಗಿಲಿನಿಂದ.

ನೀವು ಇನ್ನೂ ಕಚೇರಿಗೆ ಸೇರಿಲ್ಲ ನಿಜ. ಆದರೆ ಕಾಲೇಜಿನ ಪ್ರಯೋಗಾಲಯದ ಯಂತ್ರದಲ್ಲಿ, ಸೈಬರ್ ಸೆಂಟರಿನಲ್ಲಿ ವಿದ್ಯಾರ್ಥಿವೇತನದ ಅರ್ಜಿ ತುಂಬುವವರು ನೀವೇ. ಎದ್ದು ಹೋಗುವಾಗ ನೀವೂ ಒಂದು ಪುಟ್ಟ ಚಾರ್ಜ್ ಕೊಟ್ಟು ಹೋಗುತ್ತಿದ್ದೀರಿ, ಯಾರಿಗೆ ಎಂದು ಗೊತ್ತಿಲ್ಲದೆ. ಮನೆಯ ಹಳೆಯ ಮೊಬೈಲನ್ನು ಅಂಗಡಿಗೆ ಕೊಡುವಾಗಲೂ ಅಷ್ಟೆ.

ಆ ಹುಡುಗಿಗೆ ಮೂರು ವರ್ಷದ ಮೇಲೆ ವರ್ಗವಾಯಿತು. ಆ ಹೊತ್ತಿಗೆ ನಾನು ನಿವೃತ್ತಿಯ ಅಂಚಿನಲ್ಲಿದ್ದೆ, ಆಕೆ ಬರೆದ ಚಾರ್ಜ್ ಪಟ್ಟಿ ನನ್ನ ಮೇಜಿಗೂ ಬಂತು. ಮೇಜು, ಕುರ್ಚಿ, ಬೀರು ಎಲ್ಲ ಮೊದಲಿನಂತೆಯೇ ಇದ್ದವು, ಮುರಿದ ಕುರ್ಚಿಯೂ ಇತ್ತು. ಗಣಕಯಂತ್ರದ ಕೆಳಗೆ ಮಾತ್ರ ಒಂದು ಪುಟ ತುಂಬ ಬರೆದಿದ್ದಳು: ಯಾವ ಕಾಗದ ಎಲ್ಲಿದೆ, ಯಾವುದನ್ನು ಯುನಿಕೋಡಿಗೆ ತಂದಿದೆ, 48 ಅಂಕಿಯ ಕೀಲಿಯನ್ನು ಮೊಹರು ಮಾಡಿದ ಲಕೋಟೆಯಲ್ಲಿ ಯಾರಿಗೆ ಒಪ್ಪಿಸಿದೆ, ತನ್ನ ಐಡಿ ಯಾವ ದಿನ ಎಷ್ಟು ಗಂಟೆಗೆ ಮುಚ್ಚಿತು. ಎಲ್ಲಕ್ಕೂ ಕೆಳಗೆ, ಸಹಿಗೆ ಮೊದಲು, ಇನ್ನೊಂದು ಸಾಲಿತ್ತು: ‘ಕೀಬೋರ್ಡಿನ ಕೆಳಗೆ ಏನೂ ಇರುವುದಿಲ್ಲ.’